ಯುರೋಪಿನ ದೈತ್ಯ ಚಿಲ್ಲರೆ ಸರಪಳಿಗಳು: ವಹಿವಾಟು ದೊಡ್ಡದು, ಜಗತ್ತಿನಲ್ಲಿ ಸ್ಥಾನ ಎಷ್ಟು ದೊಡ್ಡದು?

ನೆಕ್ಕಾರ್ ತೀರ

ಎಲ್ಲರಿಗೂ ನಮಸ್ಕಾರ. ನಾನು ಕೆಲವು ವರ್ಷಗಳಿಂದ ದಕ್ಷಿಣ ಜರ್ಮನಿಯ ಹೈಲ್‌ಬ್ರಾನ್ ನಗರದ ಸಮೀಪ ವಾಸವಾಗಿದ್ದೇನೆ. ಇಲ್ಲಿಗೆ ಹತ್ತಿರದಲ್ಲೇ ನೆಕ್ಕಾರ್‌ಸುಲ್ಮ್ ಎಂಬ ಪಟ್ಟಣವಿದೆ. ಮೂವತ್ತು ಸಾವಿರ ಜನಸಂಖ್ಯೆಯೂ ಇಲ್ಲದ ಈ ಊರಿನಲ್ಲಿ ಯುರೋಪಿನ ಅತಿ ದೊಡ್ಡ ಚಿಲ್ಲರೆ ವ್ಯಾಪಾರ ಸಂಸ್ಥೆಯಾದ ಶ್ವಾರ್ಟ್ಸ್ ಸಮೂಹದ ಕೇಂದ್ರ ಕಚೇರಿ ಇದೆ. ಲಿಡ್ಲ್ ಮತ್ತು ಕಾಫ್ಲಾಂಡ್ ಎಂಬ ಎರಡು ಸರಪಳಿಗಳು ಈ ಸಮೂಹಕ್ಕೆ ಸೇರಿವೆ. 2025ರ ಫೆಬ್ರುವರಿಯಲ್ಲಿ ಮುಗಿದ ಲೆಕ್ಕವರ್ಷದಲ್ಲಿ ಇದರ ವಹಿವಾಟು ಸುಮಾರು 17,540 ಕೋಟಿ ಯೂರೊ. 32 ದೇಶಗಳಲ್ಲಿ 14,000ಕ್ಕೂ ಹೆಚ್ಚು ಮಳಿಗೆಗಳಿದ್ದು, ಆರು ಲಕ್ಷದ ಹತ್ತಿರ ನೌಕರರಿದ್ದಾರೆ.

ಊರಿಗೆ ಬಂದಾಗಲೆಲ್ಲ ನೆಂಟರಿಷ್ಟರು ಜರ್ಮನಿಯ ದೊಡ್ಡ ಕಂಪನಿ ಯಾವುದೆಂದು ಕೇಳಿದರೆ, ಕಾರು ತಯಾರಿಸುವವರ ಹೆಸರು ಹೇಳಿದ ತಕ್ಷಣ ಅವರಿಗೆ ಅರ್ಥವಾಗುತ್ತದೆ. ಶ್ವಾರ್ಟ್ಸ್ ಸಮೂಹದ ಹೆಸರು ಹೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ಇದನ್ನು ಬೆಳೆಸಿದ ಡೀಟರ್ ಶ್ವಾರ್ಟ್ಸ್ ಅವರು ಹೈಲ್‌ಬ್ರಾನ್‌ನಲ್ಲೇ 1939ರಲ್ಲಿ ಹುಟ್ಟಿದವರು. ಸಂದರ್ಶನ ಕೊಡುವುದಿಲ್ಲ, ಪತ್ರಿಕೆಗಳ ಬಳಿ ಅವರ ಚಿತ್ರಗಳೂ ಬೆರಳೆಣಿಕೆಯಷ್ಟೇ ಇವೆ. ಇಷ್ಟು ದೊಡ್ಡ ವ್ಯಾಪಾರ ಇಷ್ಟು ಮೌನವಾಗಿ ಹೇಗೆ ಬೆಳೆಯಿತು ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಪ್ರಶ್ನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಯುರೋಪಿನ ಸರಪಳಿಗಳಲ್ಲಿ ದೂರದ ಖಂಡಗಳಿಗೆ ಆತುರದಿಂದ ಹೋದವರಲ್ಲಿ ಬಹುತೇಕರು ಹಿಂದಿರುಗಿದ್ದಾರೆ. ಒಂದೇ ವಿಧಾನವನ್ನು ಹಿಡಿದು, ಗಡಿ ದಾಟಿ ಪಕ್ಕದ ದೇಶಕ್ಕೆ, ಅಲ್ಲಿಂದ ಅದರ ಪಕ್ಕದ ದೇಶಕ್ಕೆ ನಿಧಾನವಾಗಿ ಹೋದವರು ಉಳಿದಿದ್ದಾರೆ. ಆದ್ದರಿಂದ ಜಾಗತಿಕ ಸ್ಥಾನವನ್ನು ಎಷ್ಟು ದೇಶಗಳಲ್ಲಿ ಬಾವುಟ ನೆಟ್ಟಿದ್ದಾರೆ ಎಂಬುದರಿಂದ ಅಳೆಯುವುದು ಸರಿಯಲ್ಲ. ಇದನ್ನು ಒಪ್ಪುವವರೂ ಒಪ್ಪದವರೂ ತಮಗೆ ಗೊತ್ತಿರುವುದನ್ನು ಬರೆಯಬೇಕೆಂದು ವಿನಂತಿ.

ಅಂಕಿಲೆಕ್ಕ

ಒಳ್ಳೆಯ ವಿಷಯ ಎತ್ತಿದ್ದೀರಿ. ಚರ್ಚೆ ಮುಂದುವರಿಯುವ ಮೊದಲು ಅಳತೆಗೋಲನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಜಗತ್ತಿನ ಚಿಲ್ಲರೆ ವ್ಯಾಪಾರದಲ್ಲಿ ಮೊದಲ ಮೂರು ಸ್ಥಾನಗಳು ಅಮೆರಿಕದ ವಾಲ್‌ಮಾರ್ಟ್, ಅಮೆಜಾನ್ ಮತ್ತು ಕಾಸ್ಟ್‌ಕೊ ಸಂಸ್ಥೆಗಳವು. ನಾಲ್ಕನೆಯದು ನಿಮ್ಮ ನೆರೆಯೂರಿನ ಶ್ವಾರ್ಟ್ಸ್. ವಾಲ್‌ಮಾರ್ಟ್‌ನ ವಾರ್ಷಿಕ ವಹಿವಾಟು 68,000 ಕೋಟಿ ಡಾಲರ್ ದಾಟಿದೆ. ಯುರೋಪಿನ ಮೊದಲನೆಯವರನ್ನು ತಂದು ಪಕ್ಕದಲ್ಲಿ ನಿಲ್ಲಿಸಿದರೂ ಅವರು ಅದರ ಮೂರನೇ ಒಂದು ಭಾಗಕ್ಕಿಂತ ಕಡಿಮೆಯೇ. ಅಮೆಜಾನ್‌ನ ಲೆಕ್ಕದಲ್ಲಿ ಕ್ಲೌಡ್ ಸೇವೆ, ಜಾಹೀರಾತು, ಇತರ ಮಾರಾಟಗಾರರಿಂದ ಪಡೆಯುವ ಶುಲ್ಕ ಎಲ್ಲವೂ ಸೇರಿರುವುದರಿಂದ ಅದನ್ನು ದಿನಸಿ ಮಾರುವವರೊಂದಿಗೆ ನೇರವಾಗಿ ಹೋಲಿಸುವುದು ಕಷ್ಟ.

ಯುರೋಪಿನೊಳಗೆ ಶ್ವಾರ್ಟ್ಸ್ ನಂತರ ಬರುವುದು ಆಲ್ಡಿ. ಆದರೆ ಆಲ್ಡಿ ಎಂಬುದು ಒಂದು ಕಂಪನಿಯಲ್ಲ, ಎರಡು. ಎಸೆನ್ ನಗರದಲ್ಲಿ 1913ರಲ್ಲಿ ಆರಂಭವಾದ ತಾಯಿಯ ಸಣ್ಣ ಅಂಗಡಿಯನ್ನು ಕಾರ್ಲ್ ಮತ್ತು ಥಿಯೊ ಆಲ್ಬ್ರೆಖ್ಟ್ ಎಂಬ ಅಣ್ಣತಮ್ಮಂದಿರು ಎರಡನೇ ಮಹಾಯುದ್ಧದ ನಂತರ ವಹಿಸಿಕೊಂಡರು. ಅಂಗಡಿಯಲ್ಲಿ ಸಿಗರೇಟು ಮಾರಬೇಕೇ ಬೇಡವೇ ಎಂಬ ಭಿನ್ನಾಭಿಪ್ರಾಯವೂ ಸೇರಿ, 1960ರ ದಶಕದ ಆರಂಭದಲ್ಲಿ ವ್ಯಾಪಾರವನ್ನು ಉತ್ತರ ಮತ್ತು ದಕ್ಷಿಣ ಎಂದು ಪಾಲು ಮಾಡಿಕೊಂಡರು. ಜರ್ಮನಿಯನ್ನು ಹೀಗೆ ಎರಡಾಗಿ ಸೀಳುವ ಗೆರೆಯನ್ನು ಅಲ್ಲಿನ ಜನ ಆಲ್ಡಿ ಭೂಮಧ್ಯರೇಖೆ ಎಂದು ಕರೆಯುತ್ತಾರೆ. ಪರದೇಶಗಳನ್ನೂ ಇಬ್ಬರೂ ಹಂಚಿಕೊಂಡಿದ್ದಾರೆ: ಫ್ರಾನ್ಸ್, ಸ್ಪೇನ್, ಪೋಲೆಂಡ್ ಉತ್ತರದವರಿಗೆ, ಬ್ರಿಟನ್, ಆಸ್ಟ್ರಿಯಾ, ಆಸ್ಟ್ರೇಲಿಯಾ ದಕ್ಷಿಣದವರಿಗೆ.

ಉಳಿದವರಲ್ಲಿ ಫ್ರಾನ್ಸಿನ ಕ್ಯಾರಿಫೋರ್ 2024ರಲ್ಲಿ ತೆರಿಗೆಯೂ ಸೇರಿ ಸುಮಾರು 9,460 ಕೋಟಿ ಯೂರೊ, ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ ಮೂಲದ ಅಹೋಲ್ಡ್ ಡೆಲೇಜ್ ಸುಮಾರು 8,940 ಕೋಟಿ ಯೂರೊ, ಬ್ರಿಟನ್ನಿನ ಟೆಸ್ಕೊ ಸುಮಾರು 7,000 ಕೋಟಿ ಪೌಂಡ್ ವಹಿವಾಟು ನಡೆಸಿವೆ. ಜರ್ಮನಿಯ ಎಡೆಕಾ ಮತ್ತು ರೆವೆ ಇವುಗಳಷ್ಟೇ ತೂಕದವು. ಆದರೆ ಅವು ಸಹಕಾರ ತತ್ತ್ವದ ಮೇಲೆ ಕಟ್ಟಿದ ಸಂಸ್ಥೆಗಳು, ಎಡೆಕಾ ಅಂತೂ ಜರ್ಮನಿಯ ಹೊರಗೆ ಹೆಚ್ಚುಕಡಿಮೆ ಕಾಲಿಟ್ಟೇ ಇಲ್ಲ. ದೇಶದ ಅತಿ ದೊಡ್ಡ ದಿನಸಿ ವ್ಯಾಪಾರಿ ಎನಿಸಿಕೊಂಡೂ ಹೊರಗೆ ಹೋಗದೆ ಇರಬಹುದು ಎಂಬುದಕ್ಕೆ ಇದೇ ನಿದರ್ಶನ.

ಲಿಯೋನ್ ನಿವಾಸಿ

ನಾನು ಫ್ರಾನ್ಸಿನಲ್ಲಿ ಇರುವುದರಿಂದ ಕ್ಯಾರಿಫೋರ್ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಮೂಲ ಪ್ರಶ್ನೆಗೆ ಉತ್ತರ ಹೆಚ್ಚಿನಂಶ ಆ ಕಥೆಯಲ್ಲೇ ಇದೆ.

ಆ ಹೆಸರಿಗೆ ಫ್ರೆಂಚ್ ಭಾಷೆಯಲ್ಲಿ ರಸ್ತೆಗಳು ಕೂಡುವ ಜಾಗ, ಅಂದರೆ ನಮ್ಮ ಕೂಡುರಸ್ತೆ ಎಂದರ್ಥ. ಆಲ್ಪ್ಸ್ ಬದಿಯ ಆನೆಸಿ ಎಂಬ ಊರಿನಲ್ಲಿ ಮಾರ್ಸೆಲ್ ಫೂರ್ನಿಯೆ ಮತ್ತು ದೆಫೋರೆ ಸಹೋದರರು ಆರಂಭಿಸಿದ ಸಂಸ್ಥೆ ಇದು. 1963ರ ಜೂನ್‌ನಲ್ಲಿ ಪ್ಯಾರಿಸ್ಸಿನ ಹೊರವಲಯದ ಸೇಂಟ್ ಜೆನೆವಿಯೆವ್ ದೆ ಬ್ವಾ ಎಂಬಲ್ಲಿ ಅವರು 2,500 ಚದರ ಮೀಟರ್‌ನ ಮಳಿಗೆಯನ್ನು ತೆರೆದರು. ದಿನಸಿ, ಮಾಂಸ, ಬಟ್ಟೆ, ಪಾತ್ರೆ ಎಲ್ಲವೂ ಒಂದೇ ಸೂರಿನಡಿ, ಹೊರಗೆ ಕಾರು ನಿಲ್ಲಿಸಲು ವಿಶಾಲವಾದ ಬಯಲು. ಫ್ರಾನ್ಸ್ ಹೈಪರ್‌ಮಾರ್ಕೆಟ್ ಎಂಬುದನ್ನು ಕಂಡದ್ದು ಅಲ್ಲಿಂದ.

ಈ ಬಗೆಯ ಮಳಿಗೆಗಳು ಹೆಚ್ಚಿದಂತೆ ಸಣ್ಣ ಅಂಗಡಿಯವರು ಬೀದಿಗಿಳಿದರು. 1973ರಲ್ಲಿ ಬಂದ ರೊಯಾಯೆ ಕಾನೂನಿನ ಪ್ರಕಾರ ದೊಡ್ಡ ಮಳಿಗೆ ತೆರೆಯಬೇಕಾದರೆ ಸ್ಥಳೀಯ ಆಯೋಗದ ಅನುಮತಿ ಪಡೆಯಬೇಕಾಯಿತು. ಮನೆಯಲ್ಲಿ ಬಾಗಿಲು ಕಿರಿದಾಗುತ್ತಿದ್ದ ಹೊತ್ತಿನಲ್ಲಿ ಕ್ಯಾರಿಫೋರ್ ಹೊರಗೂ ನೋಡಿತು. ಅದೇ ವರ್ಷ ಸ್ಪೇನ್‌ಗೆ, 1975ರಲ್ಲಿ ಬ್ರೆಜಿಲ್‌ಗೆ ಹೋಯಿತು. ಹಾಗಾಗಿ ಅದರ ವಿದೇಶ ಪ್ರಯಾಣವನ್ನು ಕೇವಲ ಮಹತ್ವಾಕಾಂಕ್ಷೆ ಎನ್ನಲು ನನಗೆ ಮನಸ್ಸಾಗುವುದಿಲ್ಲ. ತಾಯ್ನಾಡಿನ ಕಾನೂನೂ ಅದನ್ನು ಹೊರಗೆ ದೂಡಿತು.

1999ರಲ್ಲಿ ಪ್ರೊಮೋದೆಸ್ ಎಂಬ ಮತ್ತೊಂದು ಫ್ರೆಂಚ್ ಸರಪಳಿಯನ್ನು ಸೇರಿಸಿಕೊಂಡಾಗ ಕ್ಯಾರಿಫೋರ್ ವಾಲ್‌ಮಾರ್ಟ್ ನಂತರ ಜಗತ್ತಿನ ಎರಡನೇ ಸ್ಥಾನಕ್ಕೆ ಏರಿತು. ಆಮೇಲೆ ನಡೆದದ್ದು ಹಿಂಜರಿತ. ಜಪಾನ್ ಮತ್ತು ಮೆಕ್ಸಿಕೊದಿಂದ 2005ರಲ್ಲಿ, ದಕ್ಷಿಣ ಕೊರಿಯಾದಿಂದ 2006ರಲ್ಲಿ, ಥಾಯ್ಲೆಂಡಿನಿಂದ 2010ರಲ್ಲಿ, ಮಲೇಷ್ಯಾ, ಸಿಂಗಪುರ, ಕೊಲಂಬಿಯಾಗಳಿಂದ 2012ರಲ್ಲಿ ಹೊರಬಂದಿತು. ಚೀನಾದಲ್ಲಿ 1995ರಿಂದ ಬೆಳೆಸಿದ ವ್ಯಾಪಾರದ ಶೇ 80ರಷ್ಟು ಪಾಲನ್ನು 2019ರಲ್ಲಿ ಅಲ್ಲಿನ ಸುನಿಂಗ್ ಸಂಸ್ಥೆಗೆ 480 ಕೋಟಿ ಯುವಾನ್‌ಗೆ ಬಿಟ್ಟುಕೊಟ್ಟಿತು. ನಮ್ಮ ದೇಶಕ್ಕೂ 2010ರ ಕೊನೆಯಲ್ಲಿ ದೆಹಲಿಯ ಸೀಲಂಪುರದಲ್ಲಿ ಸಗಟು ಮಳಿಗೆ ತೆರೆಯುವ ಮೂಲಕ ಬಂದು, ಐದು ಮಳಿಗೆಗಳಿಗೆ ನಿಂತು, 2014ರಲ್ಲಿ ಬಾಗಿಲು ಹಾಕಿಕೊಂಡು ಹೋಯಿತು.

ಇಂದು ಕ್ಯಾರಿಫೋರ್ ನಿಜವಾಗಿ ಗಟ್ಟಿಯಾಗಿ ನಿಂತಿರುವ ದೂರದ ನೆಲವೆಂದರೆ ಬ್ರೆಜಿಲ್. ಅಲ್ಲಿ 2007ರಲ್ಲಿ ಕೊಂಡ ಅಟಕಡಾವೊ ಎಂಬ ಸಗಟು ಮತ್ತು ಚಿಲ್ಲರೆ ಬೆರೆತ ಸರಪಳಿಯೇ ಅದಕ್ಕೆ ಆಧಾರ. ಫ್ರಾನ್ಸಿನೊಳಗೆ ಮಾತ್ರ ಮಾರುಕಟ್ಟೆಯ ಮೊದಲ ಸ್ಥಾನ ಲೆಕ್ಲೇರ್‌ನದು. 1949ರಲ್ಲಿ ಬ್ರಿಟನಿ ಪ್ರಾಂತ್ಯದ ಲಾಂಡರ್ನೊ ಊರಿನಲ್ಲಿ ಹುಟ್ಟಿದ ಈ ಒಕ್ಕೂಟದಲ್ಲಿ ಪ್ರತಿ ಮಳಿಗೆಗೂ ಸ್ವತಂತ್ರ ಮಾಲೀಕನಿರುತ್ತಾನೆ. ವಿದೇಶಗಳಲ್ಲಿ ಹೆಸರು ಮಾಡಿದವರನ್ನು ಸ್ವದೇಶದಲ್ಲಿ ಹಿಂದಿಕ್ಕಿದ್ದು ಈ ಒಕ್ಕೂಟ. ನೆಕ್ಕಾರ್ ತೀರದವರ ಮಾತಿಗೆ ಇದು ಪುಷ್ಟಿ ಕೊಡುತ್ತದೆ.

ದುಬೈ ಕರಾವಳಿ

ಕ್ಯಾರಿಫೋರ್ ಹಿಂದೆ ಸರಿದಿದೆ ಎಂಬ ಮಾತನ್ನು ನಾನು ಒಪ್ಪಲಾರೆ. ಉಡುಪಿ, ಮಂಗಳೂರು ಕಡೆಯಿಂದ ಇಲ್ಲಿಗೆ ಬಂದು ನೆಲೆಸಿರುವ ನಮ್ಮಂಥ ಎಷ್ಟೋ ಕುಟುಂಬಗಳಿಗೆ ವಾರದ ದಿನಸಿ ಎಂದರೆ ಅದೇ ಮಳಿಗೆ. ಕುಚಲಕ್ಕಿಯಿಂದ ಹಿಡಿದು ತೆಂಗಿನಕಾಯಿಯವರೆಗೆ ಅಲ್ಲಿ ಸಿಗುತ್ತದೆ. ಇಲ್ಲಿ 1995ರಿಂದಲೂ ಅದು ಇದೆ, ವಾರಾಂತ್ಯದಲ್ಲಿ ಕಾರು ನಿಲ್ಲಿಸಲು ಜಾಗವಿರುವುದಿಲ್ಲ.

ಲಿಯೋನ್ ನಿವಾಸಿ

ನಿಮ್ಮ ಅನುಭವ ನಿಜವೇ. ಆದರೆ ಆ ಮಳಿಗೆಗಳನ್ನು ನಡೆಸುತ್ತಿರುವುದು ಫ್ರೆಂಚರಲ್ಲ. ಅವು ಎಮಿರೇಟ್ಸ್‌ನ ಮಜೀದ್ ಅಲ್ ಫುತೈಮ್ ಸಮೂಹಕ್ಕೆ ಸೇರಿವೆ. ಕ್ಯಾರಿಫೋರ್ ಹೆಸರನ್ನು ಬಳಸಲು ಅವರು ಶುಲ್ಕ ಕೊಡುತ್ತಾರೆ. ಕಟ್ಟಡ, ಬಂಡವಾಳ, ನೌಕರರು, ನಷ್ಟದ ಭಯ ಎಲ್ಲವೂ ಅವರದು. ಅದೇ ಸಮೂಹ 2024ರ ನವೆಂಬರ್‌ನಲ್ಲಿ ಜೋರ್ಡಾನ್‌ನಲ್ಲಿ, 2025ರ ಜನವರಿಯಲ್ಲಿ ಒಮಾನ್‌ನಲ್ಲಿ ಕ್ಯಾರಿಫೋರ್ ಫಲಕಗಳನ್ನು ಇಳಿಸಿ ಹೈಪರ್‌ಮ್ಯಾಕ್ಸ್ ಎಂಬ ತನ್ನದೇ ಹೆಸರನ್ನು ಏರಿಸಿತು. ಹೆಸರು ಹೊರಟುಹೋದರೂ ಅಂಗಡಿ ಅಲ್ಲೇ ಉಳಿಯುತ್ತದೆ ಎಂದಾದ ಮೇಲೆ ಅದನ್ನು ಯುರೋಪಿನ ಸಂಸ್ಥೆಯ ಜಾಗತಿಕ ಬಲವೆಂದು ಪೂರ್ತಿಯಾಗಿ ಲೆಕ್ಕ ಹಾಕಬಹುದೇ?

ದುಬೈ ಕರಾವಳಿ

ಇದು ನನಗೆ ಗೊತ್ತಿರಲಿಲ್ಲ. ಮಸ್ಕತ್‌ನಲ್ಲಿರುವ ನನ್ನ ಭಾವ ಅಂಗಡಿಯ ಹೆಸರು ಬದಲಾಯಿತೆಂದು ಹೇಳಿದಾಗ ಯಾರೋ ಕೊಂಡುಕೊಂಡಿರಬೇಕೆಂದು ತಿಳಿದಿದ್ದೆ. ಧನ್ಯವಾದಗಳು.

ವೈಟ್‌ಫೀಲ್ಡ್ ನಿವಾಸಿ

ಟೆಸ್ಕೊ ಕಥೆಯನ್ನೂ ಸೇರಿಸುತ್ತೇನೆ. ಬೆಂಗಳೂರಿಗೂ ಅದಕ್ಕೂ ನೇರವಾದ ನಂಟಿದೆ. ಜ್ಯಾಕ್ ಕೊಹೆನ್ ಎಂಬವರು 1919ರಲ್ಲಿ ಪೂರ್ವ ಲಂಡನ್ನಿನ ಹ್ಯಾಕ್ನಿಯಲ್ಲಿ ತಳ್ಳುಗಾಡಿಯಂಥ ಅಂಗಡಿಯಲ್ಲಿ ಯುದ್ಧದ ನಂತರ ಉಳಿದ ದಿನಸಿ ಮಾರಲು ಆರಂಭಿಸಿದರು. ಚಹಾ ಪೂರೈಸುತ್ತಿದ್ದ ಟಿ. ಇ. ಸ್ಟಾಕ್‌ವೆಲ್ ಅವರ ಹೆಸರಿನ ಮೊದಲ ಮೂರು ಇಂಗ್ಲಿಷ್ ಅಕ್ಷರಗಳಿಗೆ ತಮ್ಮ ಹೆಸರಿನ ಮೊದಲೆರಡನ್ನು ಜೋಡಿಸಿ ಟೆಸ್ಕೊ ಎಂದರು. 1995ರಲ್ಲಿ ಬಂದ ಕ್ಲಬ್‌ಕಾರ್ಡ್, ಗ್ರಾಹಕರು ಏನು, ಯಾವಾಗ, ಎಷ್ಟು ಕೊಳ್ಳುತ್ತಾರೆ ಎಂಬುದನ್ನು ಒಬ್ಬೊಬ್ಬರ ಲೆಕ್ಕದಲ್ಲಿ ತಿಳಿಯುವ ದಾರಿ ತೋರಿಸಿತು. ಬ್ರಿಟನ್ನಿನಲ್ಲಿ ಟೆಸ್ಕೊ ಮೊದಲ ಸ್ಥಾನಕ್ಕೇರಿದ್ದು ಅದೇ ವರ್ಷಗಳಲ್ಲಿ.

2007ರಲ್ಲಿ ಅದು ಕ್ಯಾಲಿಫೋರ್ನಿಯಾದ ಕಡೆ ಫ್ರೆಶ್ ಅಂಡ್ ಈಸಿ ಎಂಬ ಹೆಸರಿನಲ್ಲಿ ಹೊಸ ಸರಪಳಿ ಕಟ್ಟಿತು. ಸುಮಾರು ಇನ್ನೂರು ಮಳಿಗೆಗಳವರೆಗೆ ಬೆಳೆದರೂ ಲಾಭ ಕಾಣದೆ 2013ರಲ್ಲಿ ಕೈಬಿಟ್ಟಿತು. ಮರುವರ್ಷ ಲಾಭವನ್ನು 26.3 ಕೋಟಿ ಪೌಂಡ್‌ಗಳಷ್ಟು ಹೆಚ್ಚು ತೋರಿಸಿದ್ದು ಬಯಲಾಯಿತು. ಆಮೇಲೆ ದಕ್ಷಿಣ ಕೊರಿಯಾ, ಟರ್ಕಿ, ಪೋಲೆಂಡ್, ಥಾಯ್ಲೆಂಡ್, ಮಲೇಷ್ಯಾ ಎಲ್ಲವನ್ನೂ ಒಂದೊಂದಾಗಿ ಮಾರಿತು. ಥಾಯ್ಲೆಂಡ್ ಮತ್ತು ಮಲೇಷ್ಯಾಗಳ ವ್ಯಾಪಾರವೊಂದೇ 2020ರಲ್ಲಿ ಸುಮಾರು 1,060 ಕೋಟಿ ಡಾಲರ್‌ಗೆ ಹೋಯಿತು. ಅದು ಸೋತ ವ್ಯಾಪಾರವಲ್ಲ, ಚೆನ್ನಾಗಿ ನಡೆಯುತ್ತಿದ್ದ ವ್ಯಾಪಾರ ಎಂಬುದನ್ನು ಗಮನಿಸಬೇಕು. ಮನೆಯ ಸಾಲ ತೀರಿಸಲು ಹೊಲ ಮಾರಿದ ಹಾಗೆ ಎನ್ನಬಹುದು.

ಇಷ್ಟೆಲ್ಲ ಮಾರಿದ ಟೆಸ್ಕೊ ಬೆಂಗಳೂರನ್ನು ಮಾತ್ರ ಬಿಡಲಿಲ್ಲ. 2004ರಲ್ಲಿ ವೈಟ್‌ಫೀಲ್ಡ್‌ನಲ್ಲಿ ತೆರೆದ ಸೇವಾ ಕೇಂದ್ರ ಇಂದಿಗೂ ಇದೆ. ಬ್ರಿಟನ್ನಿನ ಮಳಿಗೆಗಳ ತಂತ್ರಾಂಶ, ಲೆಕ್ಕಪತ್ರ, ದಾಸ್ತಾನು ಯೋಜನೆಯಂಥ ಕೆಲಸಗಳ ಒಂದು ಪಾಲು ಇಲ್ಲಿ ನಡೆಯುತ್ತದೆ. ಅಂಗಡಿಯ ಲೆಕ್ಕದಲ್ಲಿ ನೋಡಿದರೆ, 2014ರಲ್ಲಿ ಟಾಟಾ ಸಮೂಹದ ಟ್ರೆಂಟ್ ಜೊತೆ ಸಮಪಾಲಿನಲ್ಲಿ ಮಾಡಿಕೊಂಡ ಒಪ್ಪಂದದ ಮೂಲಕ ಸ್ಟಾರ್ ಮಳಿಗೆಗಳಲ್ಲಿ ಅದಕ್ಕೆ ಪಾಲಿದೆ, ಆದರೆ ಫಲಕದ ಮೇಲೆ ಅದರ ಹೆಸರಿಲ್ಲ. ಜಾಗತಿಕ ಸ್ಥಾನವನ್ನು ಅಳೆಯುವಾಗ ಎಲ್ಲಿ ಮಾರುತ್ತಾರೆ ಎಂಬುದರ ಜೊತೆಗೆ ಎಲ್ಲಿಂದ ಕೆಲಸ ಮಾಡಿಸುತ್ತಾರೆ ಎಂಬುದನ್ನೂ ಸೇರಿಸಬೇಕೆಂದು ನನ್ನ ಒತ್ತಾಯ.

ಕೆರೊಲಿನಾ ಕನ್ನಡತಿ

ಎಲ್ಲರೂ ದೂರ ಹೋದವರು ಸೋತರು ಎನ್ನುತ್ತಿದ್ದೀರಿ. ಅಮೆರಿಕದಲ್ಲಿ ಕುಳಿತು ನೋಡಿದರೆ ಚಿತ್ರ ಬೇರೆಯೇ ಆಗಿದೆ. ನಮ್ಮ ಮನೆಯ ಸಮೀಪದ ಫುಡ್ ಲಯನ್ ಅಂಗಡಿಯನ್ನು ಇಲ್ಲಿನ ಜನ ತಮ್ಮ ಊರಿನದೇ ಎಂದು ಭಾವಿಸುತ್ತಾರೆ. ಅದು ಹುಟ್ಟಿದ್ದೂ ಉತ್ತರ ಕೆರೊಲಿನಾದ ಸಾಲ್ಸ್‌ಬರಿಯಲ್ಲೇ, 1957ರಲ್ಲಿ. ಆದರೆ 1974ರಲ್ಲಿ ಬೆಲ್ಜಿಯಂನ ಡೆಲೇಜ್ ಅದರ ಮೇಲೆ ಹಿಡಿತ ಸಾಧಿಸಿತು. ಮೊದಲು ಅದರ ಹೆಸರು ಫುಡ್ ಟೌನ್ ಎಂದಿತ್ತು. ಹೆಸರು ಬದಲಿಸುವ ಪ್ರಸಂಗ ಬಂದಾಗ ಡೆಲೇಜ್‌ನ ಲಾಂಛನದಲ್ಲಿದ್ದ ಸಿಂಹವನ್ನು ಆರಿಸಿಕೊಂಡರು. ಇಂಗ್ಲಿಷ್ ಫಲಕದಲ್ಲಿ ಎರಡೇ ಹೊಸ ಅಕ್ಷರಗಳು ಸಾಕಾದವು, ಉಳಿದವು ಹಳೆಯವೇ. ಖರ್ಚಿನ ವಿಷಯದಲ್ಲಿ ಇವರು ಎಷ್ಟು ಬಿಗಿ ಎಂಬುದು ಇದರಿಂದ ತಿಳಿಯುತ್ತದೆ.

2016ರಲ್ಲಿ ಡಚ್ಚರ ಅಹೋಲ್ಡ್ ಮತ್ತು ಡೆಲೇಜ್ ಒಂದಾದವು. ಇಂದು ಆ ಸಂಸ್ಥೆಯ ಮಾರಾಟದಲ್ಲಿ ಶೇ 60ಕ್ಕಿಂತ ಹೆಚ್ಚು ಭಾಗ ಅಮೆರಿಕದಿಂದ ಬರುತ್ತದೆ. ಫುಡ್ ಲಯನ್, ಸ್ಟಾಪ್ ಅಂಡ್ ಶಾಪ್, ಜೈಂಟ್, ಹ್ಯಾನಾಫೋರ್ಡ್ ಎಲ್ಲವೂ ಅವರವೇ. ಅವರು ಬಂದ ಕಡೆ ತಮ್ಮ ಬಾವುಟ ಏರಿಸಲಿಲ್ಲ. ಇದ್ದ ಅಂಗಡಿಯನ್ನು ಕೊಂಡು, ಅದರ ಹೆಸರನ್ನೂ ನೌಕರರನ್ನೂ ಹಾಗೆಯೇ ಉಳಿಸಿಕೊಂಡರು.

ಆಲ್ಡಿಯ ದಕ್ಷಿಣ ಶಾಖೆ 1976ರಿಂದ ಅಮೆರಿಕದಲ್ಲಿದ್ದು, ಈಗ 2,400ಕ್ಕೂ ಹೆಚ್ಚು ಮಳಿಗೆಗಳನ್ನು ಹೊಂದಿದೆ. ಉತ್ತರ ಶಾಖೆಯ ಕುಟುಂಬ 1979ರಲ್ಲಿ ಕ್ಯಾಲಿಫೋರ್ನಿಯಾದ ಟ್ರೇಡರ್ ಜೋಸ್ ಅನ್ನು ಕೊಂಡಿತು. ಇಲ್ಲಿನ ಗ್ರಾಹಕರಲ್ಲಿ ಬಹಳಷ್ಟು ಜನರಿಗೆ ಅದು ಜರ್ಮನ್ನರ ಒಡೆತನದ್ದೆಂದು ಇಂದಿಗೂ ಗೊತ್ತಿಲ್ಲ. ಇದಕ್ಕೆ ಹೋಲಿಸಿದರೆ 2017ರಲ್ಲಿ ಭಾರೀ ಪ್ರಚಾರದೊಂದಿಗೆ ಬಂದ ಲಿಡ್ಲ್, ಇನ್ನೂರು ಮಳಿಗೆಗಳ ಗಡಿ ಮುಟ್ಟಲು ಹೆಣಗುತ್ತಿದೆ. ಹಾಗಾಗಿ ದೂರ ಹೋಗುವುದು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಬೇರೂರಲು ಐವತ್ತು ವರ್ಷ ಕಾಯುವ ಸಹನೆ ಯಾರಿಗಿದೆ ಎಂಬುದೇ ಮುಖ್ಯ.

ನೆಕ್ಕಾರ್ ತೀರ

ಕೆರೊಲಿನಾದವರ ತಿದ್ದುಪಡಿಯನ್ನು ಒಪ್ಪುತ್ತೇನೆ. ನಾನು ದೂರ ಎಂದು ಬರೆದ ಕಡೆ ಆತುರ ಎಂದು ಒತ್ತಿ ಹೇಳಬೇಕಿತ್ತು. ಲಿಡ್ಲ್ ಕೂಡ ನಾರ್ವೆಗೆ 2004ರಲ್ಲಿ ಹೋಗಿ 2008ರಲ್ಲಿ ಮರಳಿತು. ಕಾಫ್ಲಾಂಡ್ ಅಂತೂ ಆಸ್ಟ್ರೇಲಿಯಾದಲ್ಲಿ ಜಾಗ ಕೊಂಡು, ಜನರನ್ನು ನೇಮಿಸಿಕೊಂಡು, ಒಂದೂ ಮಳಿಗೆ ತೆರೆಯದೆ 2020ರ ಜನವರಿಯಲ್ಲಿ ಯೋಜನೆ ಕೈಬಿಟ್ಟಿತು. ನೆರೆಯೂರಿನವರೆಂಬ ಅಭಿಮಾನದಿಂದ ನಾನು ಇವನ್ನು ಮುಚ್ಚಿಡಬಾರದು.

ಸಹನೆ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಎರಡು ಕಾರಣಗಳನ್ನು ಹೇಳಬಲ್ಲೆ. ಮೊದಲನೆಯದು ಒಡೆತನ. ಶ್ವಾರ್ಟ್ಸ್ ಮತ್ತು ಎರಡೂ ಆಲ್ಡಿಗಳು ಷೇರುಪೇಟೆಯಲ್ಲಿಲ್ಲ. ಶ್ವಾರ್ಟ್ಸ್ ಸಮೂಹದ ಬಂಡವಾಳದ ಹೆಚ್ಚುಕಡಿಮೆ ಪೂರ್ತಿ ಭಾಗ ಒಂದು ಪ್ರತಿಷ್ಠಾನದ ಹೆಸರಿನಲ್ಲಿದೆ, ಮತದಾನದ ಹಕ್ಕು ಮಾತ್ರ ಬೇರೊಂದು ನ್ಯಾಸದ ಕೈಯಲ್ಲಿದೆ. ಮೂರು ತಿಂಗಳಿಗೊಮ್ಮೆ ಲಾಭ ತೋರಿಸಬೇಕಾದ ಒತ್ತಡ ಅವರಿಗಿಲ್ಲ, ಬಂದ ಲಾಭ ಬಹುಪಾಲು ಮತ್ತೆ ವ್ಯಾಪಾರಕ್ಕೇ ಹೋಗುತ್ತದೆ. ಹೈಲ್‌ಬ್ರಾನ್‌ನಲ್ಲಿ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಶಾಖೆ, ದೊಡ್ಡ ವಿಜ್ಞಾನ ಕೇಂದ್ರ ಮೊದಲಾದವು ಎದ್ದು ನಿಂತಿರುವುದರ ಹಿಂದೆ ಆ ಪ್ರತಿಷ್ಠಾನದ ಹಣವಿದೆ. ಕ್ಯಾರಿಫೋರ್ ಮತ್ತು ಟೆಸ್ಕೊ ಷೇರುದಾರರಿಗೆ ಉತ್ತರ ಹೇಳಬೇಕಾದ ಸಂಸ್ಥೆಗಳು. ಅವರು ಮಾರಿ ಬಂದದ್ದರಲ್ಲಿ ಇದರ ಪಾತ್ರ ದೊಡ್ಡದು.

ಎರಡನೆಯದು ವಿಧಾನ. ಇದನ್ನು ಅಂಗಡಿಯೊಳಗೆ ನಿಂತೇ ನೋಡಬೇಕು. ದೊಡ್ಡ ಹೈಪರ್‌ಮಾರ್ಕೆಟ್ಟಿನಲ್ಲಿ ಹತ್ತಾರು ಸಾವಿರ ಬಗೆಯ ಸರಕು ಇದ್ದರೆ ಲಿಡ್ಲ್, ಆಲ್ಡಿಯಂಥ ಅಗ್ಗದ ದರದ ಡಿಸ್ಕೌಂಟ್ ಮಳಿಗೆಯಲ್ಲಿ ಇರುವುದು ಕೆಲವೇ ಸಾವಿರ, ಅದರಲ್ಲೂ ಹೆಚ್ಚಿನವು ಅವರದೇ ಬ್ರ್ಯಾಂಡ್. ಟೊಮೆಟೊ ಸಾಸ್ ಎಂದರೆ ಎರಡೋ ಮೂರೋ ಬಗೆ, ಅಷ್ಟೆ. ಒಂದೇ ಬಗೆಯನ್ನು ಲಕ್ಷಗಟ್ಟಲೆ ಕೊಂಡಾಗ ಸಿಗುವ ಬೆಲೆ ಇಪ್ಪತ್ತು ಬಗೆಯನ್ನು ಸ್ವಲ್ಪ ಸ್ವಲ್ಪ ಕೊಳ್ಳುವವನಿಗೆ ಸಿಗುವುದಿಲ್ಲ. ಸರಕನ್ನು ಬಿಡಿಸಿ ಜೋಡಿಸುವುದಿಲ್ಲ. ಬಂದ ರಟ್ಟಿನ ಪೆಟ್ಟಿಗೆಯ ಮುಂಭಾಗವನ್ನು ಹರಿದು ಹಾಗೆಯೇ ಇಡುತ್ತಾರೆ. ಪೊಟ್ಟಣದ ಒಂದಕ್ಕಿಂತ ಹೆಚ್ಚು ಬದಿಗಳಲ್ಲಿ ಉದ್ದನೆಯ ಬಾರ್‌ಕೋಡ್ ಮುದ್ರಿಸಿರುತ್ತಾರೆ, ಹೇಗೆ ಎಳೆದರೂ ಯಂತ್ರ ಓದುತ್ತದೆ. ಬಿಲ್ ಮಾಡುವವರ ಕೈ ಎಷ್ಟು ಬೇಗ ಓಡುತ್ತದೆಂದರೆ, ನಾನು ಮೊದಲ ದಿನ ಹಾಲು, ಮೊಸರು, ಬ್ರೆಡ್ಡನ್ನು ಅಲ್ಲೇ ಚೀಲಕ್ಕೆ ತುಂಬಿಕೊಳ್ಳಲು ಹೋಗಿ ಹಿಂದೆ ಸಾಲು ನಿಂತಿತು. ಹಿಂದಿದ್ದ ವಯಸ್ಸಾದ ಮಹಿಳೆಯೊಬ್ಬರು ಎಲ್ಲವನ್ನೂ ಕೈಗಾಡಿಗೆ ಹಾಕಿಕೊಂಡು, ಕಿಟಕಿಯ ಬಳಿಯ ಹಲಗೆಯ ಮೇಲೆ ಇಟ್ಟು ತುಂಬಿಕೊಳ್ಳಬೇಕೆಂದು ತೋರಿಸಿಕೊಟ್ಟರು. ಹಣ ಪಡೆಯುವವರೇ ಸಾಲು ಕರಗಿದ ಮೇಲೆ ಎದ್ದು ಹೋಗಿ ನೆಲ ಒರೆಸುತ್ತಾರೆ, ಒಲೆಯಿಂದ ಬ್ರೆಡ್ ತೆಗೆಯುತ್ತಾರೆ.

ವಾಲ್‌ಮಾರ್ಟ್ ಸೋತದ್ದು ಇದರ ಎದುರಿಗೆ. 1997ರ ಕೊನೆಯಲ್ಲಿ ಜರ್ಮನಿಗೆ ಬಂದು, ಎರಡು ಸ್ಥಳೀಯ ಸರಪಳಿಗಳನ್ನು ಕೊಂಡು, ಬೆಲೆ ಇಳಿಸಿ ಎದುರಾಳಿಗಳನ್ನು ಮಣಿಸುವ ಆಲೋಚನೆಯಲ್ಲಿತ್ತು. ಆದರೆ ಇಲ್ಲಿ ಬೆಲೆ ಆಗಲೇ ತಳ ಮುಟ್ಟಿತ್ತು. ಕೊಂಡ ದರಕ್ಕಿಂತ ಕಡಿಮೆಗೆ ಮಾರಬಾರದೆಂದು 2000ದಲ್ಲಿ ಸ್ಪರ್ಧಾ ಪ್ರಾಧಿಕಾರ ಆಜ್ಞೆ ಹೊರಡಿಸಿತು. 2006ರಲ್ಲಿ ವಾಲ್‌ಮಾರ್ಟ್ ತನ್ನ 85 ಮಳಿಗೆಗಳನ್ನು ಮೆಟ್ರೊ ಸಂಸ್ಥೆಗೆ ಒಪ್ಪಿಸಿ ಹೊರಟಿತು. ಜಗತ್ತಿನ ಮೊದಲನೆಯವರನ್ನು ತಮ್ಮ ನೆಲದಲ್ಲಿ ನಿಲ್ಲಗೊಡದಿರುವುದೂ ಜಾಗತಿಕ ಸ್ಥಾನದ ಒಂದು ರೂಪವೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಯಶವಂತಪುರ ದಿನಸಿ

ಮೆಟ್ರೊ ಹೆಸರು ಬಂದದ್ದರಿಂದ ಬರೆಯುತ್ತಿದ್ದೇನೆ. ನಾನು ಬೆಂಗಳೂರಿನಲ್ಲಿ ಚಿಕ್ಕ ದಿನಸಿ ಅಂಗಡಿ ನಡೆಸುವವನು. ಜರ್ಮನಿಯ ಮೆಟ್ರೊ ಕ್ಯಾಶ್ ಅಂಡ್ ಕ್ಯಾರಿ ಭಾರತದಲ್ಲಿ ಮೊದಲು ಬಾಗಿಲು ತೆರೆದದ್ದು 2003ರಲ್ಲಿ, ನಮ್ಮ ಯಶವಂತಪುರದಲ್ಲಿ. ಕನಕಪುರ ರಸ್ತೆಯ ಮಳಿಗೆಯೂ ಅದೇ ಕಾಲದ್ದು. ವಿದೇಶಿ ಕಂಪನಿಗೆ ಸಗಟು ವ್ಯಾಪಾರಕ್ಕೆ ಮಾತ್ರ ಅವಕಾಶವಿದ್ದುದರಿಂದ ವ್ಯಾಪಾರದ ಪರವಾನಗಿ ತೋರಿಸಿ ಕಾರ್ಡ್ ಮಾಡಿಸಿದವರಿಗಷ್ಟೇ ಪ್ರವೇಶವಿತ್ತು. ಆಗ ನಮ್ಮಲ್ಲಿ ಹೆದರಿಕೆ ಇತ್ತು, ಸಗಟು ವ್ಯಾಪಾರಿಗಳ ವಿರೋಧವೂ ಇತ್ತು.

ಅಲ್ಲಿ ಹೋಗಿ ಬಂದವನಾಗಿ ಹೇಳುವುದಾದರೆ, ಅಚ್ಚುಕಟ್ಟು ಚೆನ್ನಾಗಿತ್ತು. ಬೆಲೆಪಟ್ಟಿ ಕಣ್ಣೆದುರಿಗೇ ಇರುತ್ತಿತ್ತು, ಒಂದು ಪೆಟ್ಟಿಗೆ ಕೊಂಡರೆ ಎಷ್ಟು, ಐದು ಕೊಂಡರೆ ಎಷ್ಟು ಎಂಬುದನ್ನು ಫಲಕದಲ್ಲೇ ಬರೆದಿರುತ್ತಿದ್ದರು. ತೂಕದಲ್ಲಿ ಮೋಸವಿರಲಿಲ್ಲ. ಆದರೆ ನಗದು ಕೊಟ್ಟು ನಾವೇ ಹೊತ್ತು ತರಬೇಕು ಎಂಬುದು ಆ ಪದ್ಧತಿಯ ಹೆಸರಿನಲ್ಲೇ ಇದೆ. ನಮ್ಮ ಪೇಟೆಯ ಸಗಟುದಾರರು ಅಂಗಡಿ ಬಾಗಿಲಿಗೆ ಸರಕು ಇಳಿಸಿ, ಹದಿನೈದು ದಿನ ಸಾಲ ಕೊಡುತ್ತಾರೆ. ಮಗಳ ಮದುವೆಯ ತಿಂಗಳಲ್ಲಿ ನನಗೆ ಒಂದೂವರೆ ತಿಂಗಳು ಸಮಯ ಕೊಟ್ಟವರು ಅವರೇ. ನಾನು ಎಣ್ಣೆ, ಸೋಪು ಮೆಟ್ರೊದಿಂದ ತಂದೆ, ಬೇಳೆಕಾಳು, ಸಕ್ಕರೆ ಪೇಟೆಯಿಂದಲೇ ತರಿಸಿದೆ.

ಸುಮಾರು ಇಪ್ಪತ್ತು ವರ್ಷದಲ್ಲಿ ದೇಶದ ತುಂಬ ಅವರದು 31 ಮಳಿಗೆಗಳಾದವು. ಕೊನೆಗೆ 2,850 ಕೋಟಿ ರೂಪಾಯಿಗೆ ರಿಲಯನ್ಸ್ ಕೊಂಡುಕೊಂಡಿತು. 2022ರ ಡಿಸೆಂಬರ್‌ನಲ್ಲಿ ಘೋಷಣೆಯಾಗಿ, 2023ರ ಮೇ ತಿಂಗಳಲ್ಲಿ ವ್ಯವಹಾರ ಮುಗಿಯಿತು. ಸಾಲ ಕೊಡುವ ಮತ್ತು ಬಾಗಿಲಿಗೆ ತಲುಪಿಸುವ ನಮ್ಮ ಪದ್ಧತಿಗೆ ಆ ವಿಧಾನ ಪೂರ್ತಿಯಾಗಿ ಹೊಂದಲಿಲ್ಲ ಎಂಬುದು ನಾನು ಕಂಡ ಮಟ್ಟಿಗಿನ ಮಾತು. ನಾಗಸಂದ್ರದಲ್ಲಿ 2022ರ ಜೂನ್‌ನಿಂದ ನಡೆಯುತ್ತಿರುವ ಸ್ವೀಡನ್‌ನ ಐಕಿಯಾ ಮಳಿಗೆಗೆ ಈ ತೊಂದರೆ ಇಲ್ಲ. ಮೇಜು ಕುರ್ಚಿಯನ್ನು ಯಾರೂ ವಾರಕ್ಕೊಮ್ಮೆ ಸಾಲದಲ್ಲಿ ಕೊಳ್ಳುವುದಿಲ್ಲ.

ಮಿಡಿಸೌತೆ ಬೆಳೆಗಾರ

ನಾನು ತುಮಕೂರು ಜಿಲ್ಲೆಯವನು. ಇಲ್ಲಿಯವರೆಗೆ ಮಾರುವವರ ಮಾತಾಯಿತು, ಬೆಳೆಯುವವರ ಮಾತನ್ನೂ ಕೇಳಿ. ನಮ್ಮಲ್ಲಿ 1990ರ ದಶಕದಿಂದ ಉಪ್ಪಿನಕಾಯಿಗೆ ಹಾಕುವ ಮಿಡಿಸೌತೆಯನ್ನು ರಫ್ತಿಗಾಗಿಯೇ ಬೆಳೆಯುತ್ತಾರೆ. ನಾವು ಅದನ್ನು ತಿನ್ನುವುದಿಲ್ಲ. ಕಂಪನಿಯವರು ಬೀಜ, ಗೊಬ್ಬರ, ಔಷಧ ಮುಂಗಡವಾಗಿ ಕೊಟ್ಟು, ಕಾಯಿ ಕೊಟ್ಟ ಮೇಲೆ ಹಣದಲ್ಲಿ ಹಿಡಿದುಕೊಳ್ಳುತ್ತಾರೆ. ದೇಶದಲ್ಲಿ ಸುಮಾರು 90 ಸಾವಿರ ಸಣ್ಣ ರೈತರು 65 ಸಾವಿರ ಎಕರೆಯಲ್ಲಿ ಇದನ್ನು ಬೆಳೆಯುತ್ತಾರೆಂದು ಸರ್ಕಾರವೇ ಹೇಳಿದೆ.

ಬೆಲೆ ಕಾಯಿಯ ಗಾತ್ರದ ಮೇಲೆ. ಒಂದು ಕಿಲೋಗೆ 160ಕ್ಕಿಂತ ಹೆಚ್ಚು ಕಾಯಿ ತೂಗಿದರೆ ಮೊದಲ ದರ್ಜೆ, ಕಾಯಿ ದಪ್ಪವಾದಷ್ಟೂ ದರ ಇಳಿಯುತ್ತದೆ. ಒಂದು ದಿನ ಬಿಡಿಸದೆ ಬಿಟ್ಟರೆ ಬೆರಳಿನಷ್ಟಿದ್ದದ್ದು ಬಲಿತುಬಿಡುತ್ತದೆ. ಹಾಗಾಗಿ ಬಿಡಿಸುವ ಕಾಲದಲ್ಲಿ ಮನೆಮಂದಿಯೆಲ್ಲ ಬೆಳಗಿನ ಜಾವವೇ ಹೊಲದಲ್ಲಿರುತ್ತೇವೆ, ಹಬ್ಬವಿದ್ದರೂ ಬಿಡುವಿಲ್ಲ. ನನ್ನ ಪ್ರಶ್ನೆ ಒಂದೇ. ನೀವು ಹೇಳುವ ಆ ಮಳಿಗೆಗಳಲ್ಲಿ ಈ ಕಾಯಿ ಸಿಗುತ್ತದೆಯೇ? ಸಿಕ್ಕರೆ ಅದರ ಮೇಲೆ ನಮ್ಮ ದೇಶದ ಹೆಸರಿರುತ್ತದೆಯೇ?

ಅಂಕಿಲೆಕ್ಕ

ಇದು ಈ ಚರ್ಚೆಯಲ್ಲಿ ಬಂದ ಅತಿ ಮುಖ್ಯವಾದ ಪ್ರಶ್ನೆ ಎಂದು ನನ್ನ ಭಾವನೆ. ಅಂಗಡಿಯ ಸ್ವಂತ ಬ್ರ್ಯಾಂಡ್ ಹೆಚ್ಚಿದಷ್ಟೂ ತಯಾರಿಸಿದವನು ಮರೆಯಾಗುತ್ತಾನೆ, ಅವನನ್ನು ಬದಲಿಸುವುದೂ ಸುಲಭವಾಗುತ್ತದೆ. ಫ್ರಾನ್ಸಿನ ಲೆಕ್ಲೇರ್ ಮತ್ತು ಜರ್ಮನಿಯ ರೆವೆ ಸೇರಿ 2016ರಲ್ಲಿ ಬ್ರಸೆಲ್ಸ್‌ನಲ್ಲಿ ಯುರೆಲೆಕ್ ಎಂಬ ಜಂಟಿ ಖರೀದಿ ಕೂಟವನ್ನೇ ಕಟ್ಟಿಕೊಂಡಿವೆ. ದೊಡ್ಡ ಬ್ರ್ಯಾಂಡ್‌ಗಳ ಜೊತೆಗೂ ಒಟ್ಟಾಗಿ ಚೌಕಾಸಿ ಮಾಡುವುದು ಅದರ ಉದ್ದೇಶ. ಪೂರೈಕೆದಾರರ ಮೇಲೆ ದೊಡ್ಡ ಕೊಳ್ಳುಗರಿಗಿರುವ ಬಲವನ್ನು ಕಂಡು ಯುರೋಪಿನ ಒಕ್ಕೂಟ 2019ರಲ್ಲಿ ಒಂದು ನಿರ್ದೇಶನ ತಂದಿತು. ಬೇಗ ಕೆಡುವ ಆಹಾರಕ್ಕೆ 30 ದಿನಗಳೊಳಗೆ ಹಣ ಕೊಡಬೇಕು, ಕೊನೆಯ ಗಳಿಗೆಯಲ್ಲಿ ಬೇಡಿಕೆ ರದ್ದು ಮಾಡಬಾರದು ಎಂಬ ನಿಯಮಗಳು ಅದರಲ್ಲಿವೆ. ಒಕ್ಕೂಟದ ಹೊರಗಿನ ಪೂರೈಕೆದಾರರಿಗೂ ಅದು ಅನ್ವಯಿಸುತ್ತದೆ. ಆದರೆ ನೇರವಾಗಿ ಸರಕು ಪೂರೈಸುವವನಿಗೆ ಸಿಗುವ ರಕ್ಷಣೆ ಹೊಲದವರೆಗೆ ಇಳಿಯುತ್ತದೆಂದು ಹೇಳಲಾಗದು.

ನೆಕ್ಕಾರ್ ತೀರ

ಬೆಳೆಗಾರರೇ, ನಿಮ್ಮ ಪ್ರಶ್ನೆ ಓದಿದ ಮೇಲೆ ನಿನ್ನೆ ಸಂಜೆ ಅಂಗಡಿಗೆ ಹೋಗಿ ನೋಡಿಯೇ ಬಂದೆ. ನಾಲ್ಕು ಬಗೆಯ ಗಾಜಿನ ಸೀಸೆಗಳಿದ್ದವು. ಚಿಕ್ಕ ಕಾಯಿಯ ಸೀಸೆಗೆ ಹೆಚ್ಚು ಬೆಲೆ, ದಪ್ಪ ಕಾಯಿಯದಕ್ಕೆ ಕಡಿಮೆ. ನೀವು ಹೇಳಿದ ದರ್ಜೆ ಇಲ್ಲಿಯ ಹಲಗೆಯ ಮೇಲೂ ಹಾಗೆಯೇ ಇದೆ. ಪ್ರತಿಯೊಂದನ್ನೂ ತಿರುಗಿಸಿ ಸಣ್ಣ ಅಕ್ಷರಗಳನ್ನು ಓದಿದೆ. ವಿನೆಗರ್, ಸಕ್ಕರೆ, ಸಾಸಿವೆ, ಸಬ್ಬಸಿಗೆ ಎಲ್ಲದರ ಹೆಸರಿದೆ. ಮೂರರ ಮೇಲೆ "ಇವರಿಗಾಗಿ ತಯಾರಿಸಿದ್ದು" ಎಂದು ಬರೆದು ಸರಪಳಿಯ ವಿಳಾಸ ಕೊಟ್ಟಿದ್ದಾರೆ. ಕಾಯಿ ಯಾವ ದೇಶದ್ದೆಂದು ಆ ಮೂರರಲ್ಲಿ ಬರೆದಿಲ್ಲ. ಈ ಬಗೆಯ ಸಂಸ್ಕರಿಸಿದ ಆಹಾರಕ್ಕೆ, ಗ್ರಾಹಕನಿಗೆ ತಪ್ಪು ಕಲ್ಪನೆ ಬರುವ ಸಂದರ್ಭ ಬಿಟ್ಟರೆ, ಮೂಲ ದೇಶ ಬರೆಯಲೇಬೇಕೆಂಬ ಕಡ್ಡಾಯ ಇಲ್ಲಿಲ್ಲ. ನಾಲ್ಕನೆಯದರ ಮೇಲೆ ಜರ್ಮನಿಯ ಒಂದು ಪ್ರಾಂತ್ಯದ ಹೆಸರು ದೊಡ್ಡದಾಗಿದೆ, ಅದರ ಬೆಲೆಯೂ ಎಲ್ಲಕ್ಕಿಂತ ಹೆಚ್ಚು.

ಸೀಸೆಯೊಂದನ್ನು ಕೊಂಡು ತಂದಿದ್ದೇನೆ. ಮುಚ್ಚಳದ ಅಂಚಿನಲ್ಲಿ ತಯಾರಿಕೆಯ ಸಂಖ್ಯೆ ಇದೆ. ಸರಪಳಿಯ ಗ್ರಾಹಕ ವಿಭಾಗಕ್ಕೆ ಆ ಸಂಖ್ಯೆ ಕೊಟ್ಟು, ಕಾಯಿ ಬೆಳೆದ ದೇಶ ಯಾವುದೆಂದು ಇಂದು ಪತ್ರ ಬರೆದಿದ್ದೇನೆ. ಉತ್ತರ ಬಂದ ಕೂಡಲೇ ಇಲ್ಲಿ ಹಾಕುತ್ತೇನೆ.

ಮಿಡಿಸೌತೆ ಬೆಳೆಗಾರ

ತುಂಬ ಉಪಕಾರವಾಯಿತು ಸರ್. ನಮ್ಮ ಕಾಯಿ ಪೀಪಾಯಿಗಳಲ್ಲಿ ಬಂದರಿಗೆ ಹೋಗುತ್ತದೆ ಎಂಬಲ್ಲಿಗೆ ನಮಗೆ ಗೊತ್ತಿರುವುದು ಮುಗಿಯುತ್ತದೆ. ಸೋಮವಾರ ಕಂಪನಿಯ ಕ್ಷೇತ್ರಾಧಿಕಾರಿ ತೂಕಕ್ಕೆ ಬರುತ್ತಾರೆ. ಈ ಸಲದ ಪೀಪಾಯಿಗಳು ಯಾವ ದೇಶಕ್ಕೆ ಹೋಗುತ್ತವೆಂದು ಅವರನ್ನು ಕೇಳಿ ನಾನೂ ಬರೆಯುತ್ತೇನೆ.